ಅಮ್ಮನ ಜೊತೆ ಆಮ್‌ಸ್ಟರ್‌ಡ್ಯಾಮ್‌ನಿಂದ ಪ್ಯಾರಿಸ್‌ಗೆ: ವಿಮಾನವೋ ರೈಲೋ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಅಮ್ಮ ಹಾಸನದಿಂದ ಆಮ್‌ಸ್ಟರ್‌ಡ್ಯಾಮ್‌ನ ನಮ್ಮ ಮನೆಗೆ ಬಂದಿದ್ದಾರೆ. ಅವರಿಗೆ ಪ್ಯಾರಿಸ್ ತೋರಿಸಬೇಕು ಅಂತ ತುಂಬಾ ಆಸೆ.

ನೇರ ದೂರ ಸುಮಾರು 430 ಕಿ.ಮೀ., ರಸ್ತೆಯಲ್ಲಾದರೆ 500. ವಿಮಾನಕ್ಕೆ ಒಂದೂಕಾಲು ಗಂಟೆ ಸಾಕು. ಆದರೆ ಇಲ್ಲಿನ ಸ್ಕಿಪೋಲ್ ವಿಮಾನ ನಿಲ್ದಾಣಕ್ಕೆ ಎರಡು ಗಂಟೆ ಮೊದಲೇ ಹೋಗಬೇಕು, ಸೆಕ್ಯೂರಿಟಿ ಸಾಲಲ್ಲಿ ನಿಲ್ಲಬೇಕು. ಪ್ಯಾರಿಸ್‌ನ ಷಾರ್ಲ್ ದ ಗೋಲ್ ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೂ ಊರೊಳಗೆ ಹೋಗೋಕೆ ಮತ್ತೆ ರೈಲು. ಯೂರೋಸ್ಟಾರ್ ರೈಲಾದರೆ ಮೂರೂವರೆ ಗಂಟೆಯೊಳಗೆ ನೇರ ಪ್ಯಾರಿಸ್ ಊರೊಳಗಿನ ಗಾರ್ ದ್ಯು ನಾರ್ ನಿಲ್ದಾಣಕ್ಕೇ ಬಿಡುತ್ತದೆ.

ಅಮ್ಮನಿಗೆ ಮಂಡಿನೋವು. ಹತ್ತು ನಿಮಿಷ ನಿಂತರೆ ಸಾಕು, ಒಂದು ಕೈಯಲ್ಲಿ ಸೆರಗು, ಇನ್ನೊಂದರಲ್ಲಿ ಗೋಡೆ ಹಿಡಿದುಕೊಳ್ಳುತ್ತಾರೆ. ನೋವು ಅಂತ ಬಾಯಿಬಿಟ್ಟು ಹೇಳುವುದಿಲ್ಲ. ಹಾಗಾಗಿ ರೈಲೇ ವಾಸಿ ಅನಿಸುತ್ತದೆ, ಅಲ್ವಾ?

ವಯಸ್ಸಾದವರ ಜೊತೆ ಹೋದವರು ದಯವಿಟ್ಟು ಹೇಳಿ. ಬೋಗಿಯ ಮೆಟ್ಟಿಲು ಜಾಸ್ತಿ ಎತ್ತರಾನಾ? ವೀಲ್‌ಚೇರ್‌ಗೆ ಎಷ್ಟು ದಿನ ಮೊದಲು ಕೇಳಿದ್ರಿ?