ಪೋಸ್ಟ್‌ಗ್ರೆಸ್ ಸೋರ್ಸ್‌ನಲ್ಲಿ 'ಲೆಂಗ್ತ್' ಎಲ್ಲಿದೆ?

ಪ್ರಶ್ನೆ: ಪೋಸ್ಟ್‌ಗ್ರೆಸ್ ಡೇಟಾಬೇಸಿನ ಸೋರ್ಸ್‌ನಲ್ಲಿ 'ಲೆಂಗ್ತ್' ಅಂತ ಗ್ರೆಪ್ ಮಾಡಿದರೆ (ಪದ ಹುಡುಕಿದರೆ) ಸಾಲುಗಳ ರಾಶಿಯೇ ಬರುತ್ತದೆ, ಎಸ್‌ಕ್ಯೂಎಲ್‌ನ ಲೆಂಗ್ತ್ ಫಂಕ್ಷನ್ ಮಾತ್ರ ಸಿಗುವುದಿಲ್ಲ. ಎಸ್‌ಕ್ಯೂಎಲ್ ಹೆಸರಿಗೂ ಸಿ ಕೋಡಿಗೂ ಗಂಟು ಬೀಳುವುದು ಎಲ್ಲಿ ಸರ್?

ಉತ್ತರ: ಗ್ರೆಪ್ ಬಿಡಿ, ಕ್ಯಾಟಲಾಗ್ ಫೋಲ್ಡರಿನಲ್ಲಿ ಫಂಕ್ಷನ್‌ಗಳ ಪಟ್ಟಿಯಿರುವ ಪಿಜಿ_ಪ್ರಾಕ್.ಡ್ಯಾಟ್ ತೆರೆಯಿರಿ (11ನೇ ಆವೃತ್ತಿಗೆ ಮೊದಲು ಇದೆಲ್ಲ ಪಿಜಿ_ಪ್ರಾಕ್.ಎಚ್‌ನಲ್ಲಿತ್ತು). ಅದರಲ್ಲಿ ಪ್ರೊನೇಮ್ ಎಂದರೆ ಕ್ವೆರಿಯಲ್ಲಿ ಬರೆಯುವ ಹೆಸರು, ಪ್ರೊಎಸ್‌ಆರ್‌ಸಿ ಎಂದರೆ ಸಿ ಫಂಕ್ಷನ್ನಿನ ಹೆಸರು. ಲೆಂಗ್ತ್‌ಗೆ ಹಲವು ನಮೂದುಗಳಿವೆ: ಆರ್ಗ್ಯುಮೆಂಟಿನ ಟೈಪ್ ಟೆಕ್ಸ್ಟ್ ಆದರೆ ವಾರ್‌ಲೆನಾ.ಸಿಯ ಟೆಕ್ಸ್ಟ್‌ಲೆನ್ (ಓಐಡಿ, ಅಂದರೆ ಗುರುತಿನ ಸಂಖ್ಯೆ, 1317), ಕ್ಯಾರ್ ಆದರೆ ವಾರ್‌ಕ್ಯಾರ್.ಸಿಯ ಬಿಪಿಕ್ಯಾರ್‌ಲೆನ್. ಕ್ಯಾರ್ ಕಾಲಮ್ಮಿನ ಕೊನೆಯ ಖಾಲಿ ಜಾಗ ಎಣಿಕೆಗೆ ಬಾರದಿರುವುದು ಈ ಎರಡನೆಯದರಿಂದ. ಟೈಪ್ ನೋಡದೆ ಹೊರಟವರು ಸಂಬಂಧವಿಲ್ಲದ ಕೋಡ್ ಓದುತ್ತಾ ಕೂರುತ್ತಾರೆ.

ಬಿಲ್ಡ್ ಹೊತ್ತಿಗೆ ಜೆನ್_ಎಫ್‌ಎಂಜಿಆರ್‌ಟ್ಯಾಬ್ ಎಂಬ ಪರ್ಲ್ ಸ್ಕ್ರಿಪ್ಟ್ ಈ ಫೈಲ್ ಓದಿ ಎಫ್‌ಎಂಜಿಆರ್‌ಟ್ಯಾಬ್.ಸಿ ಬರೆಯುತ್ತದೆ. ಓಐಡಿ, ಆರ್ಗ್ಯುಮೆಂಟ್‌ಗಳ ಸಂಖ್ಯೆ, ಸ್ಟ್ರಿಕ್ಟ್ (ನಲ್, ಅಂದರೆ ಮೌಲ್ಯವಿಲ್ಲದ್ದು, ಬಂದರೆ ಓಡದ ಫಂಕ್ಷನ್) ಹೌದೋ ಅಲ್ಲವೋ, ಫಂಕ್ಷನ್ ಪಾಯಿಂಟರ್ (ಸಿ ಫಂಕ್ಷನ್ನಿನ ವಿಳಾಸ) ಎಲ್ಲ ಅದರ ಪಟ್ಟಿಯಲ್ಲಿರುತ್ತವೆ. ಕ್ವೆರಿ ಓದುವ ಪಾರ್ಸರ್ ಹೆಸರು ಮತ್ತು ಟೈಪ್ ನೋಡಿ ಓಐಡಿ ಗೊತ್ತುಮಾಡಿದ ಮೇಲೆ ಹೆಸರಿಗೆ ಕೆಲಸವಿಲ್ಲ. ಕ್ವೆರಿ ನಡೆಸುವ ಎಕ್ಸಿಕ್ಯೂಟರ್ ಓಐಡಿಯಿಂದಲೇ ಪಾಯಿಂಟರ್ ಹಿಡಿಯುತ್ತದೆ.

ಮರುಪ್ರಶ್ನೆ: ಹೊಸ ಫಂಕ್ಷನ್ ಸೇರಿಸಿದರೆ ಕಂಪೈಲ್ ಆಗುತ್ತದೆ, ಆದರೆ ಸರ್ವರ್ 'ಅಂಥ ಫಂಕ್ಷನ್ ಇಲ್ಲ' ಅನ್ನುತ್ತದೆ. ಮತ್ತೆ, ನಲ್ ಅಲ್ಲದ ಮೊದಲ ಮೌಲ್ಯ ಕೊಡುವ ಕೋಅಲೆಸ್ ಡ್ಯಾಟ್ ಫೈಲಿನಲ್ಲಿ ಏಕಿಲ್ಲ?

ಉತ್ತರ: ನಿಮ್ಮದು ಹಳೆಯ ಡೇಟಾ ಡೈರೆಕ್ಟರಿ. ಪಿಜಿ_ಪ್ರಾಕ್ ಟೇಬಲ್‌ಗೆ ಈ ಸಾಲುಗಳು ತುಂಬುವುದು ಡೇಟಾ ಡೈರೆಕ್ಟರಿ ಕಟ್ಟುವ ಇನಿಟ್‌ಡಿಬಿ ಪ್ರೋಗ್ರಾಂ ನಡೆದಾಗ ಮಾತ್ರ, ಹಾಗಾಗಿ ಹೊಸ ಡೈರೆಕ್ಟರಿಯಲ್ಲಿ ಅದನ್ನು ಓಡಿಸಿ. ಕ್ಯಾಟ್‌ವರ್ಷನ್.ಎಚ್‌ನ ಕ್ಯಾಟಲಾಗ್ ಆವೃತ್ತಿ ಸಂಖ್ಯೆ ಬದಲಿಸಿದ್ದರೆ ಹಳೆಯ ಡೈರೆಕ್ಟರಿಯ ಮೇಲೆ ಸರ್ವರ್ ಏಳುತ್ತಲೇ ಇರಲಿಲ್ಲ, ತಪ್ಪು ಆಗಲೇ ಗೊತ್ತಾಗುತ್ತಿತ್ತು. ಹೊಸ ಫಂಕ್ಷನ್ನಿಗೆ ಖಾಲಿ ಓಐಡಿ ಹುಡುಕಲು ಅನ್‌ಯೂಸ್ಡ್_ಓಐಡಿಸ್ ಸ್ಕ್ರಿಪ್ಟ್ ಇದೆ. ಪ್ಯಾಚ್‌ಗಳಿಗೆ 8000ದಿಂದ 9999ರವರೆಗಿನವು. ಪ್ರೊಎಸ್‌ಆರ್‌ಸಿಯಲ್ಲಿ ಒಂದಕ್ಷರ ತಪ್ಪಿದರೂ ಲಿಂಕರ್ ಗದರುತ್ತದೆ, ಅದು ಒಳ್ಳೆಯದೇ. ಸದ್ದಿಲ್ಲದೆ ಕೈಕೊಡುವುದು ಸ್ಟ್ರಿಕ್ಟ್: ಡಿಫಾಲ್ಟ್ ಆಗಿ ಅದು ಆನ್ ಇರುವುದರಿಂದ ನಲ್ ಬಂದರೆ ನಿಮ್ಮ ಸಿ ಕೋಡ್ ಓಡುವುದೇ ಇಲ್ಲ, ಉತ್ತರ ನಲ್. ನಲ್ ನೀವೇ ನೋಡಿಕೊಳ್ಳಬೇಕಿದ್ದರೆ ಪ್ರೊಈಸ್‌ಸ್ಟ್ರಿಕ್ಟ್‌ಗೆ 'ಎಫ್' ಕೊಡಿ.

ಇನ್ನೊಬ್ಬರ ಉತ್ತರ: ಕೋಅಲೆಸ್ ಫಂಕ್ಷನ್ನೇ ಅಲ್ಲ. ಗ್ರಾಮರ್ ಫೈಲ್ ಗ್ರಾಮ್.ವೈ ಅದನ್ನು ನೇರವಾಗಿ ಕೋಅಲೆಸ್‌ಎಕ್ಸ್‌ಪ್ರ್ ನೋಡ್ ಮಾಡುತ್ತದೆ. ಫಂಕ್ಷನ್ ಆಗಿದ್ದರೆ ಎಲ್ಲ ಆರ್ಗ್ಯುಮೆಂಟ್‌ಗಳನ್ನೂ ಮೊದಲೇ ಲೆಕ್ಕ ಹಾಕಬೇಕಿತ್ತು. ಈಗ ನಲ್ ಅಲ್ಲದ್ದು ಸಿಕ್ಕಲ್ಲೇ ನಿಲ್ಲುತ್ತದೆ. ಹಾಗೆಯೇ, ಸಾಲು ಎಣಿಸುವ ಕೌಂಟ್ ಹುಡುಕಿದರೆ ಪ್ರೊಎಸ್‌ಆರ್‌ಸಿಯಲ್ಲಿ ಅಗ್ರಿಗೇಟ್_ಡಮ್ಮಿ ಅಂತ ಕಂಡೀತು, ಅದರೊಳಗೆ ಕೆಲಸವೇನೂ ಇಲ್ಲ. ನಿಜವಾಗಿ ಎಣಿಸುವ ಫಂಕ್ಷನ್ನಿಗೆ ಪಿಜಿ_ಅಗ್ರಿಗೇಟ್.ಡ್ಯಾಟ್ ನೋಡಿ: ಕೌಂಟ್ ಸ್ಟಾರ್‌ಗೆ ಇಂಟ್8ಇಂಕ್, ಕಾಲಮ್ ಕೊಟ್ಟರೆ ಇಂಟ್8ಇಂಕ್_ಎನಿ.