ವೆನಿಸ್‌ನ ಸಂತ ಮಾರ್ಕ್ ಚೌಕ ನೋಡಲೇಬೇಕಾ?

ಕೋಟೆಬೀದಿ ಅಕ್ಕ: ಇಟಲಿಗೆ ಹೊರಟವರೆಲ್ಲ ಇದನ್ನೇ ಕೇಳುತ್ತೀರಿ. ನೋಡಲೇಬೇಕು. ಆದರೆ ಬೆಳಿಗ್ಗೆ ಬೇಗ ಹೋಗಿ, ಇಲ್ಲ ರಾತ್ರಿ ಊಟ ಆದ ಮೇಲೆ ಹೋಗಿ. ನಡು ಹಗಲಲ್ಲಿ ಹೋದರೆ ಮುಂದೆ ನಿಂತವರ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ನಾವು ಹೋದಾಗ ಸಮುದ್ರ ಉಬ್ಬರದ ಹೊತ್ತು. ನೀರು ದಡ ಹತ್ತಿ ಬರುತ್ತದೆ ಅಂದುಕೊಂಡಿದ್ದೆ. ಅದು ಹಾಸುಗಲ್ಲಿನ ಚರಂಡಿ ಕಿಂಡಿಗಳಿಂದ ಗುಳುಗುಳು ಅಂತ ಮೇಲೆದ್ದು ಬಂತು. ಬೂದು ಕಲ್ಲು, ನಡುವೆ ಬಿಳಿ ಕಲ್ಲಿನ ಪಟ್ಟಿ, ಅದರ ಮೇಲೆ ಬೆರಳೆತ್ತರ ನೀರು. ಚೌಕದ ಸಂತ ಮಾರ್ಕ್ ಚರ್ಚಿನ ಗುಮ್ಮಟಗಳೆಲ್ಲ ಅದರೊಳಗೆ ತಲೆಕೆಳಗಾಗಿ ಕಂಡವು. ಚರ್ಚಿನೊಳಗೆ ಹೋಗಲು ಭುಜ, ಮೊಣಕಾಲು ಮುಚ್ಚಿರಬೇಕು. ಪಾರಿವಾಳಕ್ಕೆ ಕಾಳು ಹಾಕಿದರೆ ದಂಡ. ಚೌಕದಲ್ಲಿ ಮೇಜು ಹಿಡಿದು ಕಾಫಿ ಕುಡಿಯಬೇಡಿ, ವಾದ್ಯದವರು ನುಡಿಸುತ್ತಿದ್ದರೆ ಅದಕ್ಕೂ ಬೇರೆ ದುಡ್ಡು ಹಾಕುತ್ತಾರೆ. ಬೆಳಿಗ್ಗೆ ಬಂದು ಸಂಜೆ ಹೋಗುವವರಿಂದ ಊರಿನವರು ಪ್ರವೇಶ ಶುಲ್ಕ ವಸೂಲು ಮಾಡುವುದು ಮಾತ್ರ ನನಗೆ ಸರಿ ಅನಿಸಿತು.

ತೋಟದಮನೆ: ವಾದ್ಯಕ್ಕೂ ದುಡ್ಡಾ? ಇದು ಹಗಲು ದರೋಡೆ. ನಮ್ಮ ದೇಶದ ಕಾಫಿ ಎಲ್ಲಕ್ಕಿಂತ ಜಾಸ್ತಿ ಹೋಗುವುದೇ ಇಟಲಿಗೆ. ನಮ್ಮ ಕಣದಲ್ಲಿ ಒಣಗಿದ ರೊಬಸ್ಟಾವನ್ನು ಎಸ್ಪ್ರೆಸೋ ಮಾಡಿ ನಮಗೇ ಈ ಬೆಲೆಗೆ ಕೊಡುತ್ತಾರಲ್ಲ!

ವಿರಾಜಪೇಟೆ ಮೇಷ್ಟ್ರು: ದರೋಡೆ ಅನ್ನಬೇಡಿ. ಆ ಚೌಕದ ಫ್ಲೋರಿಯನ್ ಕಾಫಿ ಮನೆ ಶುರುವಾದದ್ದು 1720ರಲ್ಲಿ. ಕೊಡಗಿನಲ್ಲಿ ಬ್ರಿಟಿಷರ ತೋಟಗಳು ಎದ್ದದ್ದು 1850ರ ದಶಕದಲ್ಲಿ. ನಮಗಿಂತ ನೂರು ವರ್ಷ ಮುಂಚೆ ಅವರಿಗೆ ಕಾಫಿ ಗೊತ್ತಿತ್ತು. ಜನ ದುಡ್ಡು ಕೊಡುವುದು ಆ ಜಾಗಕ್ಕೆ.

ತೋಟದಮನೆ: ಮೇಷ್ಟ್ರೇ, ನಮಗಿಂತ ಮುಂಚೆ ಅಂದರೆ? ಬಾಬಾಬುಡನ್‌ಗಿರಿಗೆ ಕಾಫಿ ಬಂದದ್ದು 17ನೇ ಶತಮಾನದಲ್ಲಿ. ಮಕ್ಕಳಿಗೂ ಹೀಗೇ ಅರ್ಧ ಪಾಠ ಹೇಳುತ್ತೀರಾ?

ವಿರಾಜಪೇಟೆ ಮೇಷ್ಟ್ರು: ನಾನು ಬರೆದದ್ದು ಕೊಡಗು ಅಂತ. ಬಾಬಾಬುಡನ್‌ಗಿರಿ ಇರುವುದು ಚಿಕ್ಕಮಗಳೂರಿನಲ್ಲಿ. ಓದಿ ಉತ್ತರಿಸಿ.

ಮಿಲಾನ್‌ನಿಂದ ಕೊಡಗಿನವಳು: ಇಟಲಿಯಲ್ಲಿ ನಿಂತು ಕುಡಿದರೆ ಒಂದು ದರ, ಕೂತು ಕುಡಿದರೆ ಇನ್ನೊಂದು. ಆ ಚೌಕ ಅಂತಲ್ಲ, ಹೆಚ್ಚಿನ ಕಡೆ ಹೀಗೇ. ದರಪಟ್ಟಿ ನೋಡಿಯೇ ಕೂರಬೇಕು. ಎರಡು ಓಣಿ ಆಚೆ ಹೋಗಿ ಕೌಂಟರ್ ಮುಂದೆ ನಿಂತು ಕುಡಿಯಿರಿ, ಒಂದೂವರೆ ಯೂರೋ ಆಸುಪಾಸಿನಲ್ಲಿ ಮುಗಿಯುತ್ತದೆ.

ತೋಟದಮನೆ: ಒಂದೂವರೆ ಯೂರೋ ಅಂದರೂ ನೂರು ರೂಪಾಯಿ ದಾಟಿತು. ಒಂದು ಎಸ್ಪ್ರೆಸೋಗೆ ಬೇಕಾಗುವುದು ಎಂಟು ಗ್ರಾಂ ಪುಡಿ. ಒಂದು ಕೆ.ಜಿ.ಯಲ್ಲಿ ನೂರಿಪ್ಪತ್ತು ಕಪ್ ಮೇಲೆ ಬರುತ್ತದೆ. ಬೆಳೆದವನ ಕೈಗೆ ಒಂದು ಕಪ್‌ನಲ್ಲಿ ಎಷ್ಟು ಬಂತು ಅಂತ ನೀವೇ ಲೆಕ್ಕ ಹಾಕಿ ತಂಗಿ.

ಗೋಣಿಕೊಪ್ಪದವ: ಅಣ್ಣ, ರೊಬಸ್ಟಾ ರೇಟು ತೀರ್ಮಾನ ಆಗುವುದು ಲಂಡನ್ ಮಾರುಕಟ್ಟೆಯಲ್ಲಿ, ಅರೇಬಿಕಾದ್ದು ನ್ಯೂಯಾರ್ಕ್‌ನಲ್ಲಿ. ವೆನಿಸ್‌ನ ಮಾಣಿ ಏನು ಮಾಡಬೇಕು? 2024ರಲ್ಲಿ ರೊಬಸ್ಟಾ ದಾಖಲೆ ರೇಟಿಗೆ ಹೋಯಿತಲ್ಲ, ಆಗ ಕಾಫಿ ಕುಡಿಯುವವರಿಗೆ ಅನ್ಯಾಯ ಆಯಿತು ಅಂತ ನಮ್ಮಲ್ಲಿ ಯಾರಾದರೂ ಬರೆದರಾ?

ತೋಟದಮನೆ: ರೇಟು ಏರಿದ್ದು ಎಲ್ಲರಿಗೂ ಕಾಣುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಸರಿಯಾಗಿ ಬಾರದಿದ್ದರೆ ಸ್ಪ್ರಿಂಕ್ಲರ್ ಓಡಿಸುವ ಡೀಸೆಲ್ ಖರ್ಚು ಯಾರಿಗೂ ಕಾಣುವುದಿಲ್ಲ. ಕುಯ್ಲಿಗೆ ಆಳು ಸಿಗದೆ ಗಿಡದಲ್ಲೇ ಹಣ್ಣು ಒಣಗಿ ಉದುರಿದ್ದು ಕಾಣುವುದಿಲ್ಲ. ಅಂಗಡಿಯಲ್ಲಿ ಕೂತು ರೇಟು ಹೇಳುವುದು ಸುಲಭ.

ಗೋಣಿಕೊಪ್ಪದವ: ಅಂಗಡಿ ಅಂದ್ರಾ? ನಾನೂ ತೋಟದವನೇ. ಗೊತ್ತಿಲ್ಲದೆ ಮಾತಾಡಬೇಡಿ.

ಕೋಟೆಬೀದಿ ಅಕ್ಕ: ನಾನು ಬರೆದದ್ದು ಚೌಕದ ಬಗ್ಗೆ. ಕಾಫಿಯದ್ದು ಒಂದೇ ಸಾಲು. ಚರ್ಚಿನ ಮುಖಮಂಟಪದ ಮೇಲಿನ ನಾಲ್ಕು ಕುದುರೆ ಪ್ರತಿಮೆಗಳ ಬಗ್ಗೆ ಯಾರೂ ಕೇಳಲಿಲ್ಲ. 1204ರಲ್ಲಿ ವೆನಿಸ್‌ನವರೂ ಸೇರಿ ಕಾನ್‌ಸ್ಟಾಂಟಿನೋಪಲ್, ಅಂದರೆ ಈಗಿನ ಇಸ್ತಾಂಬುಲ್, ಸೂರೆ ಹೊಡೆದಾಗ ಅಲ್ಲಿಂದ ತಂದವು. 1797ರಲ್ಲಿ ನೆಪೋಲಿಯನ್ ಪ್ಯಾರಿಸ್‌ಗೆ ಹೊತ್ತುಕೊಂಡು ಹೋದ. 1815ರಲ್ಲಿ ವಾಪಸ್ ಬಂದವು. ಹೊರಗೆ ಕಾಣುವುದು ನಕಲು, ಅಸಲಿ ಒಳಗಿನ ಮ್ಯೂಸಿಯಂನಲ್ಲಿವೆ. ಅಸಲಿ ನೋಡದೆ ಬರಬೇಡಿ.

ತೋಟದಮನೆ: ನೋಡಿ, ಅಕ್ಕನೇ ಹೇಳಿದರು, ಸೂರೆ ಹೊಡೆದ ಊರು. ಕಾಫಿಗೂ ಅದೇ ಬುದ್ಧಿ.

ವಿರಾಜಪೇಟೆ ಮೇಷ್ಟ್ರು: ಎಂಟುನೂರು ವರ್ಷ ಹಿಂದಿನ ಯುದ್ಧವನ್ನು ಕಾಫಿ ಬಿಲ್ಲಿಗೆ ತಂದು ಜೋಡಿಸಬೇಡಿ. ಅಕ್ಕ, ಇನ್ನೊಂದು ಮಾತು. ಸಮುದ್ರಕ್ಕೆ ಗೇಟು ಹಾಕಿದ್ದಾರಲ್ವಾ? ಮೋಸೆ ಅನ್ನುವ ಆ ಗೇಟುಗಳು 2020ರ ಅಕ್ಟೋಬರ್‌ನಿಂದ ಕೆಲಸ ಮಾಡುತ್ತಿವೆ. ಹಾಗಿದ್ದರೆ ಚೌಕಕ್ಕೆ ನೀರು ಎಲ್ಲಿಂದ ಬಂತು?

ಮಿಲಾನ್‌ನಿಂದ ಕೊಡಗಿನವಳು: ಉಬ್ಬರದ ಮಟ್ಟ 110 ಸೆಂಟಿಮೀಟರ್ ಮುಟ್ಟುತ್ತದೆ ಅಂತ ಮುನ್ಸೂಚನೆ ಇದ್ದರೆ ಗೇಟು ಮೇಲೆತ್ತಿ ಸಮುದ್ರದ ನೀರು ತಡೆಯುವುದು ನಿಯಮ. ಈ ಚೌಕ ಊರಿನ ತೀರಾ ತಗ್ಗು ಜಾಗಗಳಲ್ಲಿ ಒಂದು, ಅಷ್ಟು ಏರುವ ಮೊದಲೇ ಇಲ್ಲಿ ನೀರು ನಿಲ್ಲುತ್ತದೆ. 2019ರ ನವೆಂಬರ್‌ನಲ್ಲಿ 187 ಸೆಂಟಿಮೀಟರ್ ಬಂದಿತ್ತು, ಅಂಥದ್ದನ್ನು ತಡೆಯುವುದಕ್ಕೆ ಆ ಗೇಟು. ಚಳಿಗಾಲದ ಕಡೆ ಹೋಗುವವರು ತೋಟಕ್ಕೆ ಹಾಕುವ ಗಂಬೂಟು ತೆಗೆದುಕೊಂಡು ಹೋದರೂ ತಪ್ಪಿಲ್ಲ.

ಕುಶಾಲನಗರ ಟ್ಯಾಕ್ಸಿ: ಪ್ರವೇಶ ಶುಲ್ಕ ಸರಿ ಅಂದ್ರಿ. ನಾಳೆ ಕೊಡಗಿಗೂ ಹಾಕಿ ಅನ್ನುತ್ತೀರಿ. 2018ರ ಭೂಕುಸಿತ ಆದ ಮೇಲೆ ಪ್ರವಾಸಿಗರಿಲ್ಲದೆ ನಮ್ಮ ಗಾಡಿಗಳು ಸ್ಟ್ಯಾಂಡಿನಲ್ಲೇ ನಿಂತಿದ್ದವು. ಆ ಸಾಲದ ಕಂತು ಹೇಗೆ ಕಟ್ಟಿದೆವು ಅಂತ ನಮಗೇ ಗೊತ್ತು.

ಕೋಟೆಬೀದಿ ಅಕ್ಕ: ಹಾಕಬೇಕು ಅಂತಲೇ ನನ್ನ ಅಭಿಪ್ರಾಯ. ರಜೆ ಬಂದರೆ ಮಡಿಕೇರಿಯ ನಮ್ಮ ಬೀದಿಯಿಂದ ಆಸ್ಪತ್ರೆಗೆ ಹೋಗುವುದೂ ಕಷ್ಟ. ಬಂದವರು ರಾಜಾಸೀಟಿನಲ್ಲಿ ಫೋಟೋ ತೆಗೆದು ಹೊರಡುತ್ತಾರೆ. ಕೋಟೆಯೊಳಗಿನ ಹಳೇ ಚರ್ಚು, ಅದೂ ಸಂತ ಮಾರ್ಕನ ಹೆಸರಿನದ್ದೇ, ಈಗ ಮ್ಯೂಸಿಯಂ. ಎಷ್ಟು ಜನ ಒಳಗೆ ಹೋಗುತ್ತಾರೆ? ವೆನಿಸ್‌ನಲ್ಲಿ ರಾತ್ರಿ ತಂಗುವವರಿಗೆ ಆ ಶುಲ್ಕ ಇಲ್ಲ. ಉಳಿಯುವವರಿಗೆ ಇಲ್ಲಿಯೂ ಬೇಡ.

ಗೋಣಿಕೊಪ್ಪದವ: ಶುಲ್ಕ ಹಾಕಿದರೆ ಜನ ಕಡಿಮೆ ಆಗುತ್ತಾರಾ? 2024ರಲ್ಲಿ 29 ದಿನ ತಲೆಗೆ ಐದು ಯೂರೋ ಹಾಕಿ ನೋಡಿದರು. ಸುಮಾರು 24 ಲಕ್ಷ ಯೂರೋ ಬಂತು. ಜನ ಬರುವುದು ನಿಲ್ಲಲಿಲ್ಲ.

ಕುಶಾಲನಗರ ಟ್ಯಾಕ್ಸಿ: 24 ಲಕ್ಷ ಯೂರೋ! ಅದಕ್ಕೇ ಹಾಕುವುದು. ಇಲ್ಲಿ ಹಾಕಿದರೆ ಆ ದುಡ್ಡು ರಸ್ತೆಗೆ ಬರುತ್ತದೆ ಅಂತ ಯಾರಾದರೂ ಬರೆದು ಕೊಡುತ್ತೀರಾ?

ತೋಟದಮನೆ: ಹಾಗೆಯೇ ಹೋಮ್‌ಸ್ಟೇಗಳಲ್ಲಿ ಕಾಫಿಗೆ ಎಷ್ಟು ತೆಗೆದುಕೊಳ್ಳುತ್ತಾರೆ ಅಂತಲೂ ಬರೆಯಿರಿ.

ಗೋಣಿಕೊಪ್ಪದವ: ಮತ್ತೆ ಕಾಫಿ! ನಮ್ಮದೂ ಹೋಮ್‌ಸ್ಟೇ ಇದೆ. ಕಾಫಿಗೆ ಒಂದು ರೂಪಾಯಿ ತೆಗೆದುಕೊಳ್ಳುವುದಿಲ್ಲ. ಎಲ್ಲರನ್ನೂ ಒಂದೇ ಮಾತಿನಲ್ಲಿ ಕಳ್ಳರು ಮಾಡಬೇಡಿ ಅಣ್ಣ, ಬೇಜಾರಾಗುತ್ತದೆ.

ತೋಟದಮನೆ: ಕಳ್ಳ ಅನ್ನುವ ಪದ ನಾನು ಬರೆದೇ ಇಲ್ಲ. ಮೇಲೆ ಹೋಗಿ ನೋಡಿ.

ಸೋಮವಾರಪೇಟೆ ಹುಡುಗಿ: ಅಕ್ಕ, ಅಮ್ಮನಿಗೆ ಮೊಣಕಾಲು ನೋವು. ಚೌಕದ ಗಂಟೆ ಗೋಪುರ ಹತ್ತಬೇಕು ಅಂತ ಆಸೆ. ಮೆಟ್ಟಿಲು ಜಾಸ್ತಿಯಾ?

ಕೋಟೆಬೀದಿ ಅಕ್ಕ: ಲಿಫ್ಟ್ ಇದೆ ಕಣಮ್ಮಾ, ಧೈರ್ಯವಾಗಿ ಕರೆದುಕೊಂಡು ಹೋಗು. ಹಳೇ ಗೋಪುರ 1902ರಲ್ಲಿ ಕುಸಿದು ಬಿತ್ತು. ಈಗಿರುವುದು ಅದೇ ಜಾಗದಲ್ಲಿ ಅದೇ ಆಕಾರದಲ್ಲಿ ಕಟ್ಟಿ 1912ರಲ್ಲಿ ಮುಗಿಸಿದ್ದು. ಗೋಪುರಕ್ಕಿಂತ ಸೇತುವೆಗಳು ಕಷ್ಟ, ಹೆಚ್ಚಿನವಕ್ಕೆ ಮೆಟ್ಟಿಲಿದೆ. ರೈಲು ನಿಲ್ದಾಣದಿಂದ ನಡೆಸಬೇಡ, ದೋಣಿ ಬಸ್ಸಿನಲ್ಲಿ ಚೌಕದ ಹತ್ತಿರವೇ ಇಳಿ.

ತೋಟದಮನೆ: ಕಾಫಿ ಮಾತ್ರ ನಿಂತೇ ಕುಡಿಯಿರಿ.

ವಿರಾಜಪೇಟೆ ಮೇಷ್ಟ್ರು: ಮೊಣಕಾಲು ನೋವಿನವರನ್ನು ನಿಲ್ಲಿಸುತ್ತೀರಾ? ಕೂತೇ ಕುಡಿಯಲಿ, ಬಿಲ್ಲು ಎಷ್ಟಾದರೂ ಆಗಲಿ.