‘ಪ್ಲೇಸ್ ಆಫ್ ಸರ್ವೀಸ್’ಗೆ ‘ಸೇವಾ ಸ್ಥಳ’ ಎಂದರೆ ಸಾಕೇ?

ಬಳಗದವರಿಗೆಲ್ಲ ನಮಸ್ಕಾರ.

ಅಮೆರಿಕದ ವೈದ್ಯರ ಬಿಲ್ಲುಗಳನ್ನು ಬೆಂಗಳೂರಿನಲ್ಲಿ ಕೂತು ತಯಾರಿಸುವ ಕೆಲಸಕ್ಕೆ ಹೊಸದಾಗಿ ಸೇರುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಕ್ಲೇಮು, ಡಿನಯಲ್, ಪೇಯರ್ ಇವನ್ನೆಲ್ಲ ಹಾಗೇ ಉಳಿಸಿಕೊಂಡಿದ್ದೇನೆ, ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಇರುವುದು ಅವೇ. ತೊಡಕಾಗಿರುವುದು ‘ಪ್ಲೇಸ್ ಆಫ್ ಸರ್ವೀಸ್’ (ಪಿಒಎಸ್), ಎಂದರೆ ಚಿಕಿತ್ಸೆ ಎಂಥ ಕಡೆ ನಡೆಯಿತು ಎಂದು ಬಿಲ್ಲಿನಲ್ಲಿ 11, 31 ಎಂದೆಲ್ಲ ಅಂಕಿಯಲ್ಲಿ ತಿಳಿಸುವ ಸಂಕೇತ. ಪಿಒಎಸ್ ಎಂದರೆ ನಮ್ಮ ಹುಡುಗರಿಗೆ ಮೊದಲು ನೆನಪಾಗುವುದು ಕಾರ್ಡು ಉಜ್ಜುವ ಯಂತ್ರ. ‘ಸೇವಾ ಸ್ಥಳ’ ಎಂದು ಬರೆದರೆ, “ಹಾಗಾದ್ರೆ 31 ಅಂದ್ರೆ ಯಾವ ಊರು ಸಾರ್?” ಅಂತ ಕೇಳುತ್ತಾರೆ. ಕೇಳಿದವರದು ತಪ್ಪಲ್ಲ, ಪದ ಹಾಗೆ ಹೇಳುತ್ತಿದೆ.

ಬಳಕೆ ಹೀಗಿದೆ. ವೈದ್ಯರು ಕಳಿಸುವ ಸಿಎಂಎಸ್-1500 ಫಾರಂನ 24ಬಿ ಕಲಮಿನಲ್ಲಿ ಎರಡಂಕಿಯ ಸಂಕೇತ ತುಂಬಬೇಕು. ವೈದ್ಯರ ಸ್ವಂತ ಕ್ಲಿನಿಕ್ಕು 11, ರೋಗಿಯ ಮನೆ 12, ಆಸ್ಪತ್ರೆಯಲ್ಲಿ ಒಳರೋಗಿಯಾದರೆ 21, ಹೊರರೋಗಿಯಾದರೆ 22, ಎಮರ್ಜೆನ್ಸಿ 23. ಬೀದಿ, ಊರು, ಜಿಪ್ ಕೋಡು (ಅಲ್ಲಿನ ಪಿನ್ ಕೋಡು) ಬರೆಯಲು 32ನೇ ಕಲಮು ಬೇರೆಯೇ ಇದೆ. ಪ್ರದೇಶದಿಂದ ಪ್ರದೇಶಕ್ಕೆ ದರ ಹೆಚ್ಚುಕಡಿಮೆ ಮಾಡಲು ನೋಡುವುದು ಸೇವೆ ನಡೆದ ಕಡೆಯ ಜಿಪ್ ಕೋಡನ್ನು. ಅಂದಮೇಲೆ ‘ಸ್ಥಳ’ ಎಂಬ ಮಾತು ನ್ಯಾಯವಾಗಿ ಸಲ್ಲಬೇಕಾದದ್ದು 32ಕ್ಕೆ.

24ಬಿ ಹೇಳುವುದು ಜಾಗದ ಖರ್ಚು ಯಾರ ತಲೆಯ ಮೇಲಿದೆ ಎಂಬುದನ್ನು. ಮೆಡಿಕೇರ್ (ಮುಖ್ಯವಾಗಿ ವೃದ್ಧರಿಗಾಗಿ ಅಮೆರಿಕ ಸರ್ಕಾರ ನಡೆಸುವ ಆರೋಗ್ಯ ವಿಮೆ) ವೈದ್ಯರಿಗೆ ಕೊಡುವ ಹಣವನ್ನು ಶ್ರಮ, ಖರ್ಚು, ಮೊಕದ್ದಮೆ ವಿಮೆ ಎಂದು ಮೂರು ಪಾಲು ಮಾಡಿ ಲೆಕ್ಕ ಹಾಕುತ್ತದೆ. ಬಿಲ್ಲಿನಲ್ಲಿ 99213 ಎಂಬ ಸಂಕೇತವಿರುವ ಸಾಮಾನ್ಯ ಭೇಟಿಯನ್ನೇ ತೆಗೆದುಕೊಳ್ಳಿ. ಅದರ ಶ್ರಮದ ಅಂಶ 2021ರಲ್ಲಿ 1.30 ಯೂನಿಟ್ ಆಯಿತು (ಇದು ಡಾಲರಲ್ಲ, ದರ ಲೆಕ್ಕ ಹಾಕುವ ಅಳತೆ); 11 ಹಾಕಿದರೂ 22 ಹಾಕಿದರೂ ಅದು ಒಂದೇ. ಬದಲಾಗುವುದು ಖರ್ಚಿನ ಪಾಲು. ಸ್ವಂತ ಕ್ಲಿನಿಕ್ಕಿನಲ್ಲಿ ಬಾಡಿಗೆ, ನರ್ಸಿನ ಸಂಬಳ, ಕೈಗವಸು ಎಲ್ಲ ವೈದ್ಯರದೇ, ಹಾಗಾಗಿ ಪೂರ್ತಿ ಸಿಗುತ್ತದೆ. ಆಸ್ಪತ್ರೆಯಲ್ಲಾದರೆ ಆ ಪಾಲು ಕುಗ್ಗುತ್ತದೆ. ಆಸ್ಪತ್ರೆ ಯುಬಿ-04 ಎಂಬ ಇನ್ನೊಂದು ಫಾರಂನಲ್ಲಿ ತನ್ನದನ್ನು ಬೇರೆ ಕೇಳುತ್ತದೆ.

ಇದರಿಂದಲೇ ಆಗುವ ತಮಾಷೆ ನೋಡಿ. ಊರಾಚೆಯ ಕ್ಲಿನಿಕ್ಕನ್ನು ಆಸ್ಪತ್ರೆಯೊಂದು ಕೊಂಡು ತನ್ನ ವಿಭಾಗ ಮಾಡಿಕೊಂಡಿತು ಎನ್ನಿ. ಅದೇ ಕೋಣೆ, ಅದೇ ವೈದ್ಯರು, ನಿನ್ನೆಯವರೆಗೆ 11, ಇವತ್ತಿನಿಂದ 19. ರೋಗಿಯ ಮನೆಗೆ ಒಂದರ ಬದಲು ಎರಡು ಬಿಲ್ಲು. 19 ಬಂದದ್ದು 2016ರಲ್ಲಿ, ಆಸ್ಪತ್ರೆಯ ಆವರಣದ ಹೊರಗಿನ ವಿಭಾಗಗಳಿಗೆಂದು. ಆವರಣ ಎಂದರೆ ಮುಖ್ಯ ಕಟ್ಟಡಗಳಿಂದ 250 ಗಜದೊಳಗೆ ಎಂಬ ನಿಯಮವೂ ಇದೆ. (ಇಡೀ ವ್ಯವಹಾರದಲ್ಲಿ ಟೇಪು ಹಿಡಿದು ಅಳೆಯಬಹುದಾದದ್ದು ಬಹುಶಃ ಇದೊಂದೇ.)

ಇನ್ನೂ ಮುಂದೆ ಹೋದರೆ ‘ಸೇವೆ ನಡೆದ ಜಾಗ’ ಎಂಬ ವಿವರಣೆಯೂ ನಿಲ್ಲುವುದಿಲ್ಲ. ಆಸ್ಪತ್ರೆಯಲ್ಲಿ ಒಳರೋಗಿಯಾಗಿರುವವರನ್ನು ಹೊರಗಿನ ಕ್ಲಿನಿಕ್ಕಿಗೆ ಕರೆತಂದು ತೋರಿಸಿದರೂ ಮೆಡಿಕೇರ್‌ಗೆ 21 ಎಂದೇ ಬರೆಯಬೇಕು. ವಿಡಿಯೋದಲ್ಲಿ ನೋಡಿದರೆ ರೋಗಿ ಮನೆಯಲ್ಲಿದ್ದರೆ 10, ಬೇರೆಡೆ ಇದ್ದರೆ 02. ವೈದ್ಯರು ಎಲ್ಲಿ ಕೂತಿದ್ದರು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಆರೈಕೆ ಕೇಂದ್ರದ ವೃದ್ಧರೊಬ್ಬರಿಗೆ ಮೆಡಿಕೇರ್‌ನ ಪಾರ್ಟ್ ಎ ಎಂಬ ಭಾಗ ವಾಸದ ಖರ್ಚು ಕೊಡುತ್ತಿರುವಷ್ಟು ದಿನ 31. ಅದು ಮುಗಿದ ಮೇಲೂ ಅದೇ ಮಂಚದಲ್ಲಿ ಮಲಗಿದ್ದರೆ ಸಂಕೇತ 32 (ಮೇಲೆ ಹೇಳಿದ 32ನೇ ಕಲಮಲ್ಲ), ವೈದ್ಯರಿಗೆ ಹೆಚ್ಚಿನ ದರ. ಮಂಚ ಒಂದಿಂಚೂ ಸರಿದಿಲ್ಲ!

ಹೀಗಾಗಿ ನನ್ನ ಒಲವು ‘ನೆಲೆ’ ಎಂಬ ಪದದ ಕಡೆಗೆ. “ಯಾವ ನೆಲೆಯಲ್ಲಿ ಕೇಳುತ್ತಿದ್ದೀರಿ?” ಎನ್ನುವಾಗ ಜಾಗಕ್ಕಿಂತ ಹೆಚ್ಚಾಗಿ ಆಧಾರ, ಸ್ಥಿತಿ ಎಂಬ ಅರ್ಥ ಬರುತ್ತದೆ, ಜಾಗದ ವಾಸನೆಯೂ ಪೂರ್ತಿ ಹೋಗುವುದಿಲ್ಲ. ‘ಚಿಕಿತ್ಸಾ ನೆಲೆ’ ಎನ್ನಬಹುದೇ? ಗೆಳೆಯರೊಬ್ಬರು ‘ಎಡೆ’ ಎಂದರು. ನಮ್ಮ ಕಡೆ ಎಡೆ ಎಂದರೆ ಹಿರಿಯರಿಗೆ ಇಡುವುದು, ಆಸ್ಪತ್ರೆಯ ವಿಷಯದಲ್ಲಿ ಬೇಡ. ‘ತಾಣ’ವನ್ನು ಅಂತರ್ಜಾಲದವರು ತೆಗೆದುಕೊಂಡು ಹೋಗಿದ್ದಾರೆ.

ಜೊತೆಗೆ ಇನ್ನೆರಡು. ‘ಫೆಸಿಲಿಟಿ ರೇಟ್’ಗೆ (ಮೇಲೆ ಹೇಳಿದಂತೆ ಖರ್ಚಿನ ಪಾಲು ಕುಗ್ಗಿಸಿ ಕೊಡುವ ದರ) ‘ಸೌಲಭ್ಯ ದರ’ ಎಂದರೆ ಏನೋ ಅನುಕೂಲ ಮಾಡಿಕೊಟ್ಟಂತೆ ಕೇಳುತ್ತದೆ, ವೈದ್ಯರಿಗೆ ಅದು ಕಡಿಮೆ ದರ. ‘ಆಸ್ಪತ್ರೆ ದರ’ ಎನ್ನೋಣವೆಂದರೆ ಮಂಚದ ಉದಾಹರಣೆಯ 31 ಕೂಡ ಅದರೊಳಗೇ ಬರುತ್ತದೆ, ಅದು ಆಸ್ಪತ್ರೆಯಲ್ಲ. ‘ರಿಇಂಬರ್ಸ್‌ಮೆಂಟ್’ಗೆ (ವಿಮೆಯವರು ವೈದ್ಯರಿಗೆ ಕೊಡುವ ಹಣ) ನಿಘಂಟುಗಳ ‘ಮರುಪಾವತಿ’ ಬ್ಯಾಂಕಿನ ಸಾಲ ತೀರಿಸಿದಂತಿದೆ. ನಾನು ಸದ್ಯಕ್ಕೆ ‘ಸಂದಾಯ’ ಎಂದು ಬರೆದಿದ್ದೇನೆ.

ಈ ಕಸುಬಿನಲ್ಲಿರುವವರು, ಅಮೆರಿಕದಲ್ಲಿದ್ದು ಇಂಥ ಎರಡೆರಡು ಬಿಲ್ಲು ಕಟ್ಟಿದವರು, ಮನೆಯಲ್ಲಿ ಇವನ್ನು ಕನ್ನಡದಲ್ಲಿ ಏನೆಂದು ಹೇಳಿಕೊಳ್ಳುತ್ತೀರಿ? ‘ನೆಲೆ’ಗೆ ಆಕ್ಷೇಪವಿದ್ದರೆ ಅದನ್ನೂ ತಿಳಿಸಿ. 24ಬಿ ಅಧ್ಯಾಯ ಅಚ್ಚಿಗೆ ಹೋಗುವುದು ಅದರ ನಂತರವೇ.